ನೋವು ಯಾರಿಗೆ?

ಮಾಟುಂಗಾ, ಮುಂಬೈ

ಪ್ರೀತಿಯ ಪುಟ್ಟಿ,

‘ಪ್ರಜ್ಞೆ ಎನ್ನುವುದೇ ಭ್ರಮೆ ಅಮ್ಮಾ’ ಎಂದು ಪುಣೆಯಿಂದ ಬರೆದಿದ್ದೀಯ. ಹಾಗಿದ್ದರೆ ಇಲ್ಲದ್ದನ್ನು ತಪ್ಪಿಸುವುದಕ್ಕೆ ಅರಿವಳಿಕೆ ವೈದ್ಯೆಯಾದ ನನಗೆ ತಿಂಗಳು ತಿಂಗಳು ಸಂಬಳ ಏಕೆ ಕೊಡುತ್ತಾರೋ!

ಈ ಭ್ರಮೆಯ ಮಾತೆತ್ತಿದ ತತ್ತ್ವಜ್ಞಾನಿ ಡೇನಿಯಲ್ ಡೆನೆಟ್ ಹೇಳಿದ್ದು ನಿನ್ನ ಗೆಳೆಯರು ಹೇಳುವಷ್ಟು ಒರಟಾಗಿಲ್ಲ. ನಿನಗೆ ನೋವೇ ಆಗುವುದಿಲ್ಲ ಎಂದು ಆತ ವಾದಿಸಲಿಲ್ಲ. ಮಿದುಳಿನೊಳಗೊಂದು ರಂಗಮಂದಿರವಿದೆ, ಕಂಡದ್ದು ಕೇಳಿದ್ದೆಲ್ಲ ಅಲ್ಲಿ ಬಂದು ಸೇರುತ್ತದೆ, ‘ನಾನು’ ಎಂಬ ಪ್ರೇಕ್ಷಕ ಕುಳಿತು ನೋಡುತ್ತಾನೆ ಎಂಬ ನಮ್ಮ ನಂಬಿಕೆಯನ್ನು ಆತ ಒಡೆದ. ಅಷ್ಟಕ್ಕೆ ನನ್ನ ತಕರಾರಿಲ್ಲ. ಆದರೆ ಇಷ್ಟೆಲ್ಲ ನರಗಳ ಓಡಾಟಕ್ಕೆ ‘ಅನ್ನಿಸುವುದು’ ಏಕೆ ಅಂಟಿಕೊಂಡಿದೆ ಎಂಬ ಇನ್ನೊಬ್ಬ ತತ್ತ್ವಜ್ಞಾನಿ ಡೇವಿಡ್ ಚಾಲ್ಮರ್ಸ್ ಪ್ರಶ್ನೆ ಹಾಗೆಯೇ ಉಳಿಯಿತು. 25 ವರ್ಷಗಳೊಳಗೆ ಮಿದುಳಿನಲ್ಲಿ ಪ್ರಜ್ಞೆಯ ಗುರುತು ಹಿಡಿಯುತ್ತೇವೆ ಎಂದು 1998ರಲ್ಲಿ ಆತನೊಡನೆ ಪಂತ ಕಟ್ಟಿದ್ದ ವಿಜ್ಞಾನಿ ಕ್ರಿಸ್ಟಾಫ್ ಕಾಖ್ 2023ರಲ್ಲಿ ಸೋಲೊಪ್ಪಿ ವೈನ್ ಬಾಟಲಿಗಳನ್ನು ಕೊಟ್ಟರು. ನಮ್ಮ ವೈದ್ಯರೂ ಹೀಗೆ ಮರ್ಯಾದೆಯಿಂದ ಸೋಲೊಪ್ಪುವುದನ್ನು ಕಲಿಯಬೇಕು.

ಅಜ್ಜ ನಿನ್ನ ಮಾತು ಕೇಳಿದ್ದರೆ ಶಂಕರರನ್ನು ಎದುರಿಗೆ ನಿಲ್ಲಿಸುತ್ತಿದ್ದರು: ಆತ್ಮವನ್ನು ಅಲ್ಲಗಳೆಯುವವನು ಯಾರೋ ಅವನೇ ಆತ್ಮ. ಹಗ್ಗದಲ್ಲಿ ಕಂಡ ಹಾವು ಸುಳ್ಳಿರಬಹುದು, ಬೆಚ್ಚಿಬಿದ್ದದ್ದು ಸುಳ್ಳಲ್ಲವಲ್ಲ. ಗಾಢನಿದ್ರೆಯಲ್ಲೂ ಒಳಗೆ ಸುಮ್ಮನೆ ನೋಡುತ್ತಿರುವ ಸಾಕ್ಷಿಯೊಬ್ಬ ಇರುತ್ತಾನೆ, ಇಲ್ಲದಿದ್ದರೆ ಎದ್ದವನು ‘ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ’ ಎನ್ನುವುದು ಹೇಗೆ ಎಂಬುದು ವೇದಾಂತಿಗಳ ವಾದ. ನಾನು ತೊಡಕಿಗೆ ಸಿಕ್ಕಿಕೊಳ್ಳುವುದು ಇಲ್ಲೇ. ಪ್ರಜ್ಞೆ ತಪ್ಪಿಸುವ ಔಷಧಿ ಪ್ರೊಪೊಫಾಲ್ ಕೊಡುವಾಗ ಒಂದರಿಂದ ಎಣಿಸಿ ಎನ್ನುತ್ತೇನೆ. ಮರಾಠಿಯಲ್ಲೋ ಕನ್ನಡದಲ್ಲೋ ಶುರು ಮಾಡಿದವರು ಹತ್ತು ಮುಟ್ಟುವುದು ಅಪರೂಪ. ಮೂರು ಗಂಟೆ ಕಳೆದು ಕಣ್ಣು ಬಿಟ್ಟವರಲ್ಲಿ ಎಷ್ಟೋ ಮಂದಿ ಸುಖವಾಗಿ ಮಲಗಿದ್ದೆ ಎನ್ನುವುದಿಲ್ಲ, ‘ಆಪರೇಷನ್ ಯಾವಾಗ ಶುರು ಮಾಡುತ್ತೀರಿ?’ ಎಂದು ಕೇಳುತ್ತಾರೆ. ಆ ಮೂರು ಗಂಟೆ ಸಾಕ್ಷಿ ಎಲ್ಲಿದ್ದ? ನನಗಂತೂ ಕಂಡಿಲ್ಲ.

ಇದಕ್ಕಿಂತ ಕಾಡುವ ಸಂಗತಿ ಇನ್ನೊಂದಿದೆ. ಸ್ನಾಯು ಸಡಿಲಿಸುವ ಔಷಧಿ ಕೊಡುವ ಮೊದಲೇ ಒಂದು ತೋಳಿಗೆ ಪಟ್ಟಿ ಬಿಗಿದು, ಔಷಧಿ ಅಲ್ಲಿಗೆ ತಲುಪದಂತೆ ಮಾಡುವ ಪರೀಕ್ಷೆಯೊಂದನ್ನು 1977ರಲ್ಲಿ ಟನ್ಸ್ಟಾಲ್ ಎಂಬ ವೈದ್ಯರು ವರದಿ ಮಾಡಿದರು. ಉಳಿದ ಮೈ ಕದಲದಿದ್ದರೂ ಆ ಕೈ ಮಾತ್ರ ಆಡಬಲ್ಲದು. ಪೂರ್ತಿ ಮಲಗಿದ್ದಾರೆ ಎಂದುಕೊಂಡ ರೋಗಿಯ ಕಿವಿಯಲ್ಲಿ ‘ಕೇಳಿಸುತ್ತಿದ್ದರೆ ನನ್ನ ಕೈ ಹಿಸುಕಿ’ ಎಂದರೆ ಕೆಲವರು ಹಿಸುಕುತ್ತಾರೆ. ಎಚ್ಚರವಾದ ಮೇಲೆ ಕೇಳಿದರೆ ಅವರಲ್ಲಿ ಹೆಚ್ಚಿನವರಿಗೆ ಏನೂ ನೆನಪಿರುವುದಿಲ್ಲ.

ಆ ಹೊತ್ತಿನಲ್ಲಿ ಅವರಿಗೆ ನೋವಾಗಿದ್ದರೆ ಅದು ಯಾರಿಗೆ ಆಯಿತು? ನೆನಪಿಲ್ಲ ಎಂದರೆ ಆಗಲೇ ಇಲ್ಲ ಎಂದು ಲೆಕ್ಕವೇ? ಭ್ರಮೆ ಎಂದು ಹೇಳಿ ನೀನು ದಾಟಿಹೋಗಬಹುದು. ನಾನು ಮಾನಿಟರ್ ನೋಡಿ ಡೋಸ್ ನಿರ್ಧರಿಸಬೇಕು. ಗುಮಾನಿ ಬಂದಾಗಲೆಲ್ಲ ಅಲ್ಲಿ ಒಬ್ಬರಿದ್ದಾರೆ ಎಂದೇ ನಂಬಿ ಸ್ವಲ್ಪ ಹೆಚ್ಚಿಸುತ್ತೇನೆ.

ನಿನ್ನ ಮೇಷ್ಟ್ರನ್ನು ಈ ಕೈಯ ವಿಷಯ ಕೇಳಿ ಉತ್ತರ ಬರೆ. ಫೋನ್ ಬೇಡ, ಲೋಕಲ್ ರೈಲಿನ ಗದ್ದಲದಲ್ಲಿ ನಿನ್ನ ತತ್ತ್ವಶಾಸ್ತ್ರ ಅರ್ಧ ಕೇಳಿಸಿ ಆಮೇಲೆ ಜಗಳವಾಗುತ್ತದೆ.

ನಿನ್ನ,
ಅಮ್ಮ