ಮಗಳಿಗೊಂದು ಪತ್ರ: ಸೊನ್ನೆ ಬಂದರೆ ಸ್ವಲ್ಪ ನಿಲ್ಲು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಲೆಕ್ಕದ ಫೋಟೋ ನೋಡಿದೆ. 1/(5 + 4 ಕಾಸ್ ಎಕ್ಸ್) ಇದರ ಇಂಟಿಗ್ರಲ್, ಅಂದರೆ ಗ್ರಾಫ್‌ಗೂ ಎಕ್ಸ್ ಗೆರೆಗೂ ನಡುವಿನ ವಿಸ್ತೀರ್ಣ, ಸೊನ್ನೆಯಿಂದ 2ಪೈವರೆಗೆ. ಕೊನೆಗೆ ಚೆಂದವಾಗಿ ಬಾಕ್ಸ್ ಹಾಕಿ ಸೊನ್ನೆ ಅಂತ ಬರೆದಿದ್ದೀಯ. ಕೆಳಗೆ, "ಪುಸ್ತಕದ ಹಿಂದೆ 2ಪೈ/3 ಅಂತಿದೆ ಅಮ್ಮ, ಎಷ್ಟು ಸಲ ನೋಡಿದ್ರೂ ತಪ್ಪು ಸಿಗ್ತಾ ಇಲ್ಲ" ಅಂತ. ಫೋನಿನಲ್ಲಿ ಎರಡು ಮಾತಲ್ಲಿ ಮುಗಿಯುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಿನಗೆ ತಪ್ಪು ಸಿಗದೇ ಇದ್ದದ್ದರಲ್ಲಿ ಆಶ್ಚರ್ಯ ಇಲ್ಲ. ಟಿ ಅಂದರೆ ಟ್ಯಾನ್ ಎಕ್ಸ್/2 ಅಂತ ತಗೊಂಡದ್ದು ಸರಿ. ಕೆಳಗಡೆ 9 + ಟಿ ಸ್ಕ್ವೇರ್ ಬಂದದ್ದು ಸರಿ. ಇಂಟಿಗ್ರೇಟ್ ಮಾಡಿ 2/3 ಟ್ಯಾನ್ ಇನ್ವರ್ಸ್ ಟಿ/3 ಬರೆದದ್ದೂ ಸರಿ. ಅದನ್ನು ಡಿಫರೆನ್ಶಿಯೇಟ್ ಮಾಡಿದರೆ ಕೊಟ್ಟ ಫಂಕ್ಷನ್ನೇ ವಾಪಸ್ ಬರುತ್ತದೆ. ಲಿಮಿಟ್ ಬದಲಾಯಿಸುವುದನ್ನೂ ನೀನು ಮರೆತಿಲ್ಲ. ಹೀಗಿರುವಾಗ ಸಾಲು ಸಾಲಾಗಿ ಎಷ್ಟು ಸಲ ಓದಿದರೂ ಕಣ್ಣಿಗೆ ಏನೂ ಬೀಳುವುದಿಲ್ಲ. ಇಂಥ ತಪ್ಪನ್ನು ಉತ್ತರದ ಕಡೆಯಿಂದ ಹಿಡಿಯಬೇಕು.

ಲೆಕ್ಕ ಪಕ್ಕಕ್ಕಿಟ್ಟು ಫಂಕ್ಷನ್ ಒಂದನ್ನೇ ನೋಡು. ಕಾಸ್ ಎಕ್ಸ್ ಮೈನಸ್ 1ರಿಂದ 1ರವರೆಗೆ ಓಡಾಡುತ್ತದೆ. ಹಾಗಾದರೆ 5 + 4 ಕಾಸ್ ಎಕ್ಸ್ 1ರಿಂದ 9ರವರೆಗೆ. ನಮ್ಮ ಫಂಕ್ಷನ್ 1/9ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಅಗಲ 2ಪೈ, ಅಂದರೆ 6.28. ಎಷ್ಟೇ ಕಮ್ಮಿ ಅಂದರೂ ಉತ್ತರ 0.7ರ ಹತ್ತಿರ ಇರಲೇಬೇಕು. ಸೊನ್ನೆ ಎಲ್ಲಿಂದ ಬಂತು?

ಇನ್ನೂ ಸ್ವಲ್ಪ ಹತ್ತಿರ ಹೋಗಬಹುದು. ನಾಲ್ಕು ಜಾಗದಲ್ಲಿ ಬೆಲೆ ಹಾಕು. ಎಕ್ಸ್ ಸೊನ್ನೆ ಇದ್ದಾಗ 1/9, ಪೈ/2ರಲ್ಲಿ 1/5, ಪೈನಲ್ಲಿ 1, 3ಪೈ/2ರಲ್ಲಿ ಮತ್ತೆ 1/5. ಕೂಡಿದರೆ ಸುಮಾರು 1.51. ನಾಲ್ಕರಿಂದ ಭಾಗಿಸಿ 6.28ರಿಂದ ಗುಣಿಸಿದರೆ 2.37. ಪುಸ್ತಕದ 2ಪೈ/3 ಅಂದರೆ 2.09. ಎಂಟು ಜಾಗ ತಗೊಂಡರೆ 2.11 ಬರುತ್ತದೆ. ಪುಸ್ತಕದ ಹಿಂಭಾಗ ತೆರೆಯದೆಯೇ ಉತ್ತರ ಎರಡರ ಆಸುಪಾಸು ಅಂತ ಗೊತ್ತಾಯಿತು, ಅಲ್ವಾ? ನನಗೆ ಈ ಕೆಲಸ ಯಾವಾಗಲೂ ತುಂಬಾ ಖುಷಿ ಕೊಡುತ್ತದೆ.

ಈಗ ತಪ್ಪು ಎಲ್ಲಿದೆ ಅಂತ ಹುಡುಕೋಣ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ದಾರಿ, ಇಂಟಿಗ್ರಲ್ ಅನ್ನು ತುಂಡು ಮಾಡುವುದು. ನಿನ್ನದೇ ಸೂತ್ರ ಇಟ್ಟುಕೊಂಡು ಸೊನ್ನೆಯಿಂದ ಪೈ/2ರವರೆಗೆ ಮಾಡು. ಟಿ ಸೊನ್ನೆಯಿಂದ 1ಕ್ಕೆ ಹೋಗುತ್ತದೆ, ಉತ್ತರ 0.21. ಕೊನೆಯ ತುಂಡು, 3ಪೈ/2ರಿಂದ 2ಪೈ, ಅದೂ 0.21. ನಡುವಿನ ತುಂಡು ಪೈ/2ರಿಂದ 3ಪೈ/2. ಅಲ್ಲಿ ಟಿ 1ರಿಂದ ಮೈನಸ್ 1ಕ್ಕೆ ಹೋಗುತ್ತದೆ, ಉತ್ತರ ಮೈನಸ್ 0.43. ಎಲ್ಲೂ ಮೈನಸ್ ಆಗದ ಫಂಕ್ಷನ್‌ಗೆ ಮೈನಸ್ ಉತ್ತರ! ಕಳ್ಳ ಆ ತುಂಡಿನಲ್ಲೇ ಇದ್ದಾನೆ.

ಆ ತುಂಡಿನ ನಟ್ಟನಡುವೆ ಏನಿದೆ? ಪೈ. ಅಲ್ಲಿ ಟ್ಯಾನ್ ಎಕ್ಸ್/2 ಪ್ಲಸ್ ಇನ್ಫಿನಿಟಿಗೆ ಏರಿ, ದಾಟಿದ ಕೂಡಲೇ ಮೈನಸ್ ಇನ್ಫಿನಿಟಿಯಿಂದ ಶುರುವಾಗುತ್ತದೆ. ಟ್ಯಾನ್ ಇನ್ವರ್ಸ್ ಪೈ/2ರಿಂದ ಮೈನಸ್ ಪೈ/2ಕ್ಕೆ ಒಮ್ಮೆಲೇ ಬೀಳುತ್ತದೆ. ಪೂರ್ತಿ ಒಂದು ಪೈ ಬಿತ್ತು. ಮುಂದೆ 2/3 ಇದೆ, ಹಾಗಾಗಿ ಕಳೆದುಹೋದದ್ದು ಸರಿಯಾಗಿ 2ಪೈ/3. ನಿನ್ನ ಸೊನ್ನೆಗೂ ಪುಸ್ತಕದ ಉತ್ತರಕ್ಕೂ ಇರುವ ವ್ಯತ್ಯಾಸ ಅಷ್ಟೇ. ಸರಿ ಮಾಡುವುದು ಸುಲಭ. ಎಕ್ಸ್ ಜಾಗದಲ್ಲಿ 2ಪೈ − ಎಕ್ಸ್ ಹಾಕಿದರೂ ಫಂಕ್ಷನ್ ಬದಲಾಗುವುದಿಲ್ಲ. ಆದ್ದರಿಂದ ಸೊನ್ನೆಯಿಂದ ಪೈವರೆಗೆ ಮಾಡಿ ಎರಡರಿಂದ ಗುಣಿಸು. ಆಗ ಟಿ ಸೊನ್ನೆಯಿಂದ ಇನ್ಫಿನಿಟಿಗೆ ಹೋಗುತ್ತದೆ, ಉತ್ತರ ಪೈ/3. ಎರಡು ಪಟ್ಟು 2ಪೈ/3.

ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ಕಂಪ್ಯೂಟರ್‌ನಲ್ಲಿ ಇಂಟಿಗ್ರಲ್ ಬಿಡಿಸುವ ಪ್ರೋಗ್ರಾಮ್‌ಗಳನ್ನೂ ಇದೇ ಜಿಗಿತ ಕಾಡಿದೆ. ಅದನ್ನು ತಪ್ಪಿಸುವುದು ಹೇಗೆ ಅಂತ ಜೆಫ್ರಿ ಮತ್ತು ರಿಚ್ ಎಂಬಿಬ್ಬರು 1994ರಲ್ಲಿ ಒಂದು ಪ್ರಬಂಧವನ್ನೇ ಪ್ರಕಟಿಸಿದರು. ಸುಮ್ನೆ ಅಜಾಗರೂಕತೆ ಅಂತ ನಿನ್ನನ್ನು ಬೈದುಕೊಳ್ಳಬೇಡ.

ಟ್ರಿಗ್ನಾಮೆಟ್ರಿಯಲ್ಲಿ ಸುಳ್ಳು ಸೊನ್ನೆ ಇಷ್ಟೊಂದು ಜಾಸ್ತಿ ಯಾಕೆ? ಸೈನ್, ಕಾಸ್, ಟ್ಯಾನ್ ಮೂರೂ ತಿರುಗಿ ಅದೇ ಬೆಲೆಗೆ ಬರುತ್ತವೆ. ದೇವಸ್ಥಾನಕ್ಕೆ ಒಂದು ಪ್ರದಕ್ಷಿಣೆ ಹಾಕಿ ಧ್ವಜಸ್ತಂಭದ ಹತ್ತಿರವೇ ಬಂದು ನಿಂತವಳನ್ನು, ಹೊರಟ ಜಾಗ ಮತ್ತು ನಿಂತ ಜಾಗ ಮಾತ್ರ ನೋಡಿ, ನೀನು ನಡೆದೇ ಇಲ್ಲ ಅಂದ ಹಾಗೆ. ಎರಡು ತುದಿಯ ಬೆಲೆ ಕಳೆದರೆ ನಡುವೆ ನಡೆದದ್ದೆಲ್ಲ ಮಾಯ.

ನಿನ್ನ ಪುಸ್ತಕದಲ್ಲೇ ಇನ್ನೂ ಸಿಗುತ್ತವೆ. ರೂಟ್ ಆಫ್ 1 + ಕಾಸ್ 2ಎಕ್ಸ್, ಸೊನ್ನೆಯಿಂದ ಪೈ. ಒಳಗಿರುವುದು 2 ಕಾಸ್ ಸ್ಕ್ವೇರ್. ರೂಟ್ ತೆಗೆದಾಗ ಮಾಡ್ಯುಲಸ್ ಬಿಟ್ಟುಬಿಟ್ಟರೆ ಸೊನ್ನೆ. ಹಾಕಿದರೆ 2 ರೂಟ್ 2, ಅಂದರೆ 2.83. ಸೆಕ್ ಸ್ಕ್ವೇರ್ ಎಕ್ಸ್, ಸೊನ್ನೆಯಿಂದ ಪೈ. ಟ್ಯಾನ್ ಪೈ ಮೈನಸ್ ಟ್ಯಾನ್ ಸೊನ್ನೆ ಅಂತ ಬರೆದರೆ ಸೊನ್ನೆ. ನಿಜದಲ್ಲಿ ಪೈ/2ರಲ್ಲಿ ಅದು ಮಿತಿ ಇಲ್ಲದೆ ಏರುತ್ತದೆ, ಆ ಇಂಟಿಗ್ರಲ್‌ಗೆ ಬೆಲೆಯೇ ಇಲ್ಲ.

ಎಕ್ಸ್ ಕಾಸ್ ಎಕ್ಸ್, ಸೊನ್ನೆಯಿಂದ ಪೈ, ಇದನ್ನು ವಿಶೇಷವಾಗಿ ನೋಡು. ಎರಡು ತುದಿಗಳ ಮೊತ್ತದಿಂದ ಎಕ್ಸ್ ಕಳೆದು ಅದನ್ನೇ ಎಕ್ಸ್ ಜಾಗದಲ್ಲಿ ಹಾಕುವುದಕ್ಕೆ ಕೋಚಿಂಗ್‌ನಲ್ಲಿ ಕಿಂಗ್ ಪ್ರಾಪರ್ಟಿ ಅನ್ನುತ್ತಾರಲ್ಲ, ಅದು ಕಲಿತ ಮೇಲೆ ಕೈ ಸುಮ್ಮನಿರುವುದಿಲ್ಲ. ಎಕ್ಸ್ ಬದಲು ಪೈ − ಎಕ್ಸ್ ಹಾಕಿ, ಕಾಸ್ ಹಾಗೇ ಉಳಿಯಿತು ಅಂತ ಬರೆದರೆ ಮತ್ತೆ ಸೊನ್ನೆ. ಕಾಸ್ ಅಲ್ಲಿ ಮೈನಸ್ ಆಗಬೇಕು. ಮೈನಸ್ ಹಾಕಿದರೆ ಆ ಪ್ರಾಪರ್ಟಿಯಿಂದ ಏನೂ ಸಿಗುವುದಿಲ್ಲ, ಬೈ ಪಾರ್ಟ್ಸ್ ಮಾಡಬೇಕು, ಉತ್ತರ ಮೈನಸ್ 2. ಗ್ರಾಫ್ ನೋಡಿದರೂ ಸಾಕಿತ್ತು. ಎಡ ಅರ್ಧದಲ್ಲಿ ಕಾಸ್ ಪ್ಲಸ್, ಆದರೆ ಎಕ್ಸ್ ಚಿಕ್ಕದು. ಬಲ ಅರ್ಧದಲ್ಲಿ ಕಾಸ್ ಮೈನಸ್, ಎಕ್ಸ್ ದೊಡ್ಡದು. ಒಟ್ಟು ಮೈನಸ್ ಆಗಲೇಬೇಕು.

ಎಲ್ಲ ಸೊನ್ನೆಯೂ ಸುಳ್ಳಲ್ಲ. ಕಾಸ್ ಎಕ್ಸ್ ಸೊನ್ನೆಯಿಂದ 2ಪೈವರೆಗೆ ನಿಜವಾಗಿಯೂ ಸೊನ್ನೆ, ಯಾಕೆಂದರೆ ಮೇಲಿರುವಷ್ಟೇ ಕೆಳಗೂ ಇದೆ. ಸೊನ್ನೆ ಬಂದಾಗ ಕೇಳಬೇಕಾದದ್ದು ಇಷ್ಟೇ: ಈ ಫಂಕ್ಷನ್ ಗೆರೆಯ ಕೆಳಗೆ ಇಳಿಯುತ್ತದಾ? ಇಳಿಯದಿದ್ದರೆ ಸೊನ್ನೆ ಸಾಧ್ಯವೇ ಇಲ್ಲ.

ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಇದಕ್ಕೆಲ್ಲ ಟೈಮ್ ಎಲ್ಲಿ ಅಂತ ನೀನು ಕೇಳಬಹುದು. ಎಷ್ಟೋ ಸಲ ಮೇಲೆಷ್ಟು, ಕೆಳಗೆಷ್ಟು ಅಂತ ನೋಡಿದರೇ ನಾಲ್ಕು ಆಯ್ಕೆಯಲ್ಲಿ ಎರಡು ಹೊರಗೆ ಹೋಗುತ್ತವೆ. ಅದಕ್ಕೆ ಹತ್ತು ಸೆಕೆಂಡ್ ಸಾಕು. ಬೋರ್ಡ್ ಪರೀಕ್ಷೆಯಲ್ಲಂತೂ ಉತ್ತರ ತಪ್ಪು ಅಂತ ಗೊತ್ತಾದರೆ ವಾಪಸ್ ಹೋಗಿ ಸರಿ ಮಾಡಲು ಸಮಯ ಇರುತ್ತದೆ.

ಇದೊಂದನ್ನು ಮಾಡಿ ಕಳಿಸು: 1/(1 + ಸೈನ್ ಸ್ಕ್ವೇರ್ ಎಕ್ಸ್), ಸೊನ್ನೆಯಿಂದ ಪೈ. ಟಿ ಅಂದರೆ ಟ್ಯಾನ್ ಎಕ್ಸ್ ಅಂತ ತಗೋ. ಬಿಡಿಸುವ ಮೊದಲೇ ಉತ್ತರ ಎಷ್ಟರಿಂದ ಎಷ್ಟರೊಳಗೆ ಇರಬೇಕು ಅಂತ ಮೇಲ್ಗಡೆ ಬರೆದಿಡು. ಆಮೇಲೆ ಎಲ್ಲಿ ತುಂಡು ಮಾಡಬೇಕು ಅಂತ ನೀನೇ ಹೇಳು.

ಊಟ ಬಿಡಬೇಡ, ಜಾಸ್ತಿ ಹೊತ್ತು ಎಚ್ಚರ ಇರಬೇಡ.

ಪ್ರೀತಿಯಿಂದ,
ಅಮ್ಮ