ಐದಡಿ ಎಂಟಿಂಚಿನ ಸ್ಟಾಪರ್ ಕಡೆಯಿಂದ ಥ್ಯಾಂಕ್ಸ್

ದೇಶದ ಫುಟ್‌ಬಾಲ್ ಕ್ಲಬ್‌ಗಳು ಆಡುವ ಐ-ಲೀಗ್‌ನಲ್ಲಿ ನನ್ನ ಮೊದಲ ಸೀಸನ್ ಮುಗಿಯಿತು. ಕ್ಲಬ್‌ನವರು ಒಪ್ಪಂದವನ್ನು ಇನ್ನೆರಡು ವರ್ಷ ಮುಂದುವರಿಸಿದ್ದಾರೆ. ಸಹಿ ಹಾಕಿದ ಫೋಟೊ ನೋಡಿ ಫೋನ್ ಮಾಡಿದವರಿಗೆ, ಮೆಸೇಜ್ ಕಳಿಸಿದವರಿಗೆ ಒಬ್ಬೊಬ್ಬರಿಗೇ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಈ ಬರಹ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ಹದಿನೇಳನೇ ವಯಸ್ಸಿಗೆ ಅಕಾಡೆಮಿಯೊಂದು ನನ್ನನ್ನು ಕೈಬಿಟ್ಟಿತ್ತು. ಕಾರಣ ಎತ್ತರ. ಗೋಲಿನ ಮುಂದೆ ನಡುವಿನಲ್ಲಿ ನಿಂತು ಎದುರಾಳಿಯನ್ನು ತಡೆಯುವ ಸ್ಟಾಪರ್, ಅಂದರೆ ಸೆಂಟರ್‌ಬ್ಯಾಕ್, ಆರಡಿಯ ಆಸುಪಾಸಾದರೂ ಇರಬೇಕು ಅಂದರು. ಮೈದಾನದ ಅಂಚಿನಲ್ಲಿ ಓಡುವ ವಿಂಗ್‌ಗೆ ಹೋಗೋಣವೆಂದರೆ ಅಷ್ಟು ಓಟ ನನ್ನ ಕಾಲಿಗಿಲ್ಲ. ಅವರದು ತಪ್ಪು ಲೆಕ್ಕ ಅಂತ ಈಗಲೂ ಹೇಳಲಾರೆ. ಕಾರ್ನರ್ ಕಿಕ್‌ನ ಚೆಂಡು ಎತ್ತರದಲ್ಲಿ ಹಾರಿ ಬಂದಾಗ ಐದಡಿ ಎಂಟಿಂಚು ಐದಡಿ ಎಂಟಿಂಚೇ.

ಆಮೇಲೆ ನನ್ನನ್ನು ಉಳಿಸಿಕೊಂಡದ್ದು ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. ವಿಜಯನಗರದಲ್ಲಿ ಬೀದಿಬೀದಿಗೂ ಕ್ರಿಕೆಟ್ಟು. ಫುಟ್‌ಬಾಲ್ ಬೇಕಾದರೆ ನೇರಳೆ ಮಾರ್ಗದ ಮೆಟ್ರೊ ಹತ್ತಿ ಎಂ.ಜಿ. ರಸ್ತೆಯಲ್ಲಿಳಿದು ನಡೆಯಬೇಕು. ಅಲ್ಲಿನ ಲೀಗ್ ತಂಡವೊಂದರ ಕೋಚ್ ಸರ್ ನನ್ನ ಎತ್ತರ ಕೇಳಲೇ ಇಲ್ಲ. ಅವರು ಕಾರ್ಖಾನೆ ತಂಡಗಳ ಕಾಲದವರು. ಟೆಲಿಫೋನ್ ಕಾರ್ಖಾನೆ ಐಟಿಐ, ವಿಮಾನ ಕಾರ್ಖಾನೆ ಎಚ್‌ಎಎಲ್‌ಗಳು ಆಟಗಾರನಿಗೆ ಕೆಲಸವನ್ನೂ ಜೆರ್ಸಿಯನ್ನೂ ಒಟ್ಟಿಗೇ ಕೊಡುತ್ತಿದ್ದ ಕಾಲ ಅದು. 1977ರ ಮೊಟ್ಟಮೊದಲ ಫೆಡರೇಷನ್ ಕಪ್‌ನ (ದೇಶದ ಕ್ಲಬ್‌ಗಳ ಟೂರ್ನಿ) ಫೈನಲ್‌ನಲ್ಲಿ ಕೋಲ್ಕತ್ತದ ಮೋಹನ್ ಬಗಾನ್ ತಂಡವನ್ನು ನಮ್ಮ ಐಟಿಐ ಸೋಲಿಸಿದ ಕಥೆಯನ್ನು ಅವರು ಮಳೆ ಬಂದಾಗಲೆಲ್ಲ ಹೇಳುತ್ತಾರೆ. ಪ್ರತಿ ಸಲವೂ ಮೊದಲ ಸಲ ಕೇಳಿದವರಂತೆ ನಾವು ತಲೆ ಆಡಿಸುತ್ತೇವೆ.

ಅವರು ನನಗೆ ಕೊಟ್ಟ ಮೊದಲ ಹೋಮ್‌ವರ್ಕ್ ಫಾಬಿಯೊ ಕನ್ನವಾರೊ ಆಟ ನೋಡು ಅಂತ. 2006ರಲ್ಲಿ ವಿಶ್ವಕಪ್ ಗೆದ್ದ ಇಟಲಿಯ ನಾಯಕ, ಅದೇ ವರ್ಷ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ ಪಡೆದ ಡಿಫೆಂಡರ್, ಎತ್ತರ 1.76 ಮೀಟರ್. ನನಗಿಂತ ಎರಡು ಬೆರಳಗಲ ಹೆಚ್ಚು, ಅಷ್ಟೇ. ಆಮೇಲೆ ಪಾಠ ಶುರು. ಚೆಂಡಿನ ಕೆಳಗೆ ಹೋಗಿ ನಿಂತು ಕಾಯಬೇಡ, ಎರಡು ಹೆಜ್ಜೆ ಹಿಂದಿದ್ದು ಓಡಿ ಬಂದು ಎಗರಿ ತಲೆಯಿಂದ ಹೊಡೆ. ಸ್ಟ್ರೈಕರ್ ಏಳುವ ಮುಂಚೆ ನೀನು ಎದ್ದಿರು. "ಹೆಡರ್ ಗೆಲ್ಲೋಕಾಗಲ್ವಾ? ಅವನಿಗೂ ನೆಟ್ಟಗೆ ಸಿಗದಂಗೆ ಮಾಡು. ಕೆಳಗೆ ಬಿದ್ದ ಚೆಂಡು ಯಾರಿಗೆ ಅನ್ನೋದ್ರಲ್ಲೇ ಆಟ ಇರೋದು" ಅನ್ನುತ್ತಿದ್ದರು. ಈ ಸೀಸನ್‌ನಲ್ಲಿ ನಾನು ಉಳಿದದ್ದು ಈ ಮಾತಿನ ಮೇಲೆ. ಆರಡಿ ಮೂರಿಂಚಿನ ವಿದೇಶಿ ಸ್ಟ್ರೈಕರ್‌ಗಳ ಮೇಲೆ ನಾನು ಗೆದ್ದ ಹೆಡರ್‌ಗಳು ಕಡಿಮೆ, ಆದರೆ ಅವರೂ ಆರಾಮಾಗಿ ಗೆಲ್ಲಲಿಲ್ಲ. ಸರ್, ನಿಮಗೆ ನಮಸ್ಕಾರ.

ನನ್ನ ಬಾಯಿ ಬಿಡಿಸಿದವರು ಗೌತಮಪುರದ ಗೋಲ್‌ಕೀಪರಣ್ಣ. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಏರಿಯಾದವರು, ಫುಟ್‌ಬಾಲ್ ವಿಷಯದಲ್ಲಿ ಅವರಿಗೆ ಯಾರ ದಾಕ್ಷಿಣ್ಯವೂ ಇಲ್ಲ. ನಾನು ಸ್ವಭಾವದಿಂದ ಮೌನಿ. ಆದರೆ ಆಫ್‌ಸೈಡ್ ಲೈನ್ ಕಟ್ಟಲು, ಅಂದರೆ ಎದುರಾಳಿಯನ್ನು ನಮ್ಮ ಬೆನ್ನ ಹಿಂದೆ ಬಿಟ್ಟು ಆಫ್‌ಸೈಡ್ ಆಗಿಸಲು, ಡಿಫೆಂಡರ್‌ಗಳು ನಾಲ್ವರೂ ಒಟ್ಟಿಗೆ ಮುಂದೆ ಹೆಜ್ಜೆ ಇಡಬೇಕು. ಒಬ್ಬ ಹಿಂದುಳಿದರೂ ಎದುರಾಳಿಗೆ ದಾರಿ ಸಿಕ್ಕಿತು, ಮೂವರ ಶ್ರಮ ವ್ಯರ್ಥ. ಅದನ್ನು ಕೂಗಿ ಹೇಳಬೇಕಾದವನು ಸ್ಟಾಪರ್. ಕನ್ನಡ, ತಮಿಳು, ಬಾಯಿಗೆ ಬಂದದ್ದರಲ್ಲಿ ಕೂಗು, ಸುಮ್ಮನೆ ಮಾತ್ರ ಇರಬೇಡ ಅಂದರು. ನಾನು ಸುಮ್ಮನಿದ್ದ ದಿನ ಇಡೀ ತಂಡದ ಟೀ ಬಿಲ್ಲು ನನ್ನ ತಲೆಗೆ ಕಟ್ಟುತ್ತಿದ್ದರು. ಖರ್ಚಿನ ಭಯಕ್ಕೇ ಗಂಟಲು ತೆರೆಯಿತು. ಈಗ ನನ್ನ ಪಕ್ಕದಲ್ಲಿ ಆಡುವ ಸೆಂಟರ್‌ಬ್ಯಾಕ್ ಮಿಜೋರಾಂನವನು. ನಮ್ಮಿಬ್ಬರಿಗೂ ಹಿಂದಿ ಅಷ್ಟಕ್ಕಷ್ಟೇ. ಆದರೂ ಶ್ರೀನಗರದ ಟಿಆರ್‌ಸಿ ಮೈದಾನದ ಆ ಚಳಿಯಲ್ಲಿ ನಾನು ಕೂಗಿದ ಕನ್ನಡಕ್ಕೆ ಅವನು ಸರಿಯಾಗಿಯೇ ಹೆಜ್ಜೆ ಇಟ್ಟ.

2023ರ ಮಾರ್ಚ್‌ನ ವಿಷಯ ಹೇಳದಿದ್ದರೆ ತಪ್ಪಾಗುತ್ತೆ. ಸೌದಿಯ ರಿಯಾದ್‌ನಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಫೈನಲ್, ಮೇಘಾಲಯದ ಮೇಲೆ ಕರ್ನಾಟಕಕ್ಕೆ 3-2 ಗೆಲುವು. ಹಿಂದಿನ ಸಲ ಗೆದ್ದಾಗ, 1968-69ರಲ್ಲಿ, ತಂಡದ ಹೆಸರು ಇನ್ನೂ ಮೈಸೂರು. ನಡುವೆ 54 ವರ್ಷ! ನಾನು ಆ ತಂಡದ ಹತ್ತಿರಕ್ಕೂ ಬಂದಿರಲಿಲ್ಲ, ಆದರೆ ಕಪ್ ಎತ್ತಿದವರಲ್ಲಿ ಕೆಲವರನ್ನು ಅಶೋಕನಗರದ ಲೀಗ್‌ನಲ್ಲಿ ಕಣ್ಣೆದುರೇ ನೋಡಿದ್ದೆ. ಅದೇ ಟರ್ಫ್, ಬೇಸಿಗೆಯಲ್ಲಿ ಬೂಟಿನೊಳಗೆ ಪಾದ ಬೇಯಿಸುವ ಅದೇ ಹಸಿರು ಪ್ಲಾಸ್ಟಿಕ್ಕು. ಇಲ್ಲಿಂದ ಮುಂದಕ್ಕೂ ದಾರಿಯಿದೆ ಅಂತ ತೋರಿಸಿಕೊಟ್ಟ ಆ ತಂಡದವರಿಗೆ, ಪರಿಚಯ ಇಲ್ಲದಿದ್ದರೂ, ಥ್ಯಾಂಕ್ಸ್.

ಫಿಸಿಯೊ ಮೇಡಂಗೆ, ಅರ್ಧ ಬೆಲೆಗೆ ಬೂಟಿನ ಸೋಲ್ ಹೊಲಿದುಕೊಟ್ಟ ಅಣ್ಣನಿಗೆ, ಹಾಜರಾತಿ ವಿಷಯದಲ್ಲಿ ಕಣ್ಣುಮುಚ್ಚಿಕೊಂಡ ಕಾಲೇಜಿನ ಮೇಷ್ಟ್ರಿಗೆ ಋಣಿ.

ಅಪ್ಪನದು ದಿನಸಿ ಅಂಗಡಿ. ಮಗ ಫುಟ್‌ಬಾಲ್ ಆಡ್ತಾನೆ ಅಂದರೆ ಗಿರಾಕಿಗಳ ಮುಂದಿನ ಪ್ರಶ್ನೆ ಒಂದೇ, ಎಷ್ಟು ಗೋಲು ಹೊಡೆದ? ಮೊದಮೊದಲು ಅಪ್ಪನಿಗೆ ಮುಜುಗರ ಆಗ್ತಿತ್ತು. ಈಗ ತೂಕದ ಮೇಲಿಂದ ಕಣ್ಣು ತೆಗೆಯದೆ, "ಅವನು ಹೊಡೆಯೋನಲ್ಲ ಸ್ವಾಮಿ, ಹೊಡೆಯೋಕೆ ಬಿಡದೇ ಇರೋನು" ಅನ್ನುತ್ತಾರೆ. ನನ್ನ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಯಾವ ಕಾಮೆಂಟೇಟರೂ ಹೇಳಿಲ್ಲ. ಅಮ್ಮನಿಗೆ ಇವತ್ತಿಗೂ ಆಫ್‌ಸೈಡ್ ಅರ್ಥವಾಗಿಲ್ಲ, ಅರ್ಥ ಮಾಡಿಕೊಳ್ಳುವ ಇರಾದೆಯೂ ಇಲ್ಲ. ಮ್ಯಾಚ್ ಮುಗಿದ ಮೇಲೆ ಅವರು ಕೇಳುವುದು ಊಟ ಆಯಿತಾ, ಮಂಡಿ ನೋಯುತ್ತಾ, ಎರಡೇ.

ಕೊನೆಗೆ ಅಕ್ಕ. ಕ್ಲಬ್‌ಗಳು ಆಟಗಾರನನ್ನು ಕರೆಯುವ ಮುಂಚೆ ವಿಡಿಯೊ ಕೇಳುತ್ತವೆ. ಸ್ಟ್ರೈಕರ್‌ಗಾದರೆ ಗೋಲುಗಳನ್ನು ಪೋಣಿಸಿದರೆ ಸಾಕು. ಸ್ಟಾಪರ್ ಎಲ್ಲಿ ನಿಂತಿದ್ದ, ಚೆಂಡು ಇನ್ನೂ ಆ ತುದಿಯಲ್ಲಿದ್ದಾಗ ಏನು ಮಾಡುತ್ತಿದ್ದ ಅಂತ ತಿಳಿಯಲು ಇಡೀ 90 ನಿಮಿಷ ಬೇಕು. ಅಕ್ಕ ಭಾನುವಾರದ ನಿದ್ದೆ ಬಿಟ್ಟು ಗ್ಯಾಲರಿಯಲ್ಲಿ ನಿಂತು, ಫೋನ್ ಹಿಡಿದು ಪೂರ್ತಿ ಆಟ ರೆಕಾರ್ಡ್ ಮಾಡಿದಳು. ನನಗೆ ಮೊದಲ ಒಪ್ಪಂದ ತಂದದ್ದು ಆ ವಿಡಿಯೊಗಳೇ. ರೆಫರಿಗೆ ಅವಳು ಬೈದದ್ದೂ ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತೆ, ಕ್ಲಬ್‌ನ ಕೋಚ್ ಅದರ ಅರ್ಥ ಕೇಳಿದಾಗ ನಾನು ಬೇರೇನೋ ಹೇಳಿದೆ. ಮೊದಲ ಸಂಬಳದಲ್ಲಿ ಅವಳಿಗೆ ಜಾಸ್ತಿ ಸ್ಟೋರೇಜ್ ಇರುವ ಹೊಸ ಫೋನ್ ಕೊಡಿಸಿದ್ದೇನೆ. ಅದರ ತುಂಬ ಈಗ ಅವಳ ಮಗಳ ಡ್ಯಾನ್ಸು. "ನಿಂದು ಈಗ ಕ್ಲಬ್‌ನವರೇ ಶೂಟ್ ಮಾಡ್ತಾರಲ್ಲೋ" ಅಂತಾಳೆ.