ಸೀಗಡಿ ಸಿಪ್ಪೆಯ ಪಟ್ಟಿ ನಮ್ಮ ಆಸ್ಪತ್ರೆಗೂ ಬರಲಿ

ಮಾನ್ಯ ಸಂಪಾದಕರೇ,

ಅಡಿಕೆ ಸುಲಿಯುವ ಕಾಲ ಬಂದರೆ ನಮ್ಮ ಹೊಸನಗರದ ಕಡೆ ಕೈ ಕೊಯ್ದುಕೊಳ್ಳುವವರು ಜಾಸ್ತಿ. ರಾತ್ರಿ ನಿದ್ದೆಗಣ್ಣಲ್ಲಿ ಸುಲಿಯುವಾಗ ಮೆಟ್ಟುಗತ್ತಿಗೆ ಹೆಬ್ಬೆರಳು ತಾಗಿದರೆ ಮುಗೀತು. ನಾನು ಸರ್ಕಾರಿ ನರ್ಸ್ ಆಗಿ ನಿವೃತ್ತಳಾದವಳು. ಈಗಲೂ ಸುತ್ತಮುತ್ತಲಿನವರು ಕೈಗೆ ಪಂಚೆ ಸುತ್ತಿಕೊಂಡು ಮೊದಲು ನಮ್ಮ ಮನೆಗೇ ಬರುತ್ತಾರೆ.

ಕಷ್ಟ ಇರುವುದು ಪಟ್ಟಿ ಬಿಚ್ಚುವಾಗ. ಒಣಗಿದ ಗಾಜ್ ಬಟ್ಟೆ ಗಾಯಕ್ಕೆ ಅಂಟಿರುತ್ತದೆ. ಸಲೈನ್ ಹನಿಸಿ ನೆನೆಸಿ ಎಷ್ಟು ನಿಧಾನ ಎಳೆದರೂ ಆಗ ತಾನೇ ಬಂದ ಎಳೆ ಚರ್ಮವೂ ಕಿತ್ತು ಬರುತ್ತದೆ, ಮತ್ತೆ ರಕ್ತ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಾದರೆ ಕೇಳುವುದೇ ಬೇಡ.

ಇದಕ್ಕೆ ಕೈಟೋಸಾನ್ ಎಂಬ ಪದಾರ್ಥದ ಪಟ್ಟಿ ಬಂದು ಎಷ್ಟೋ ಕಾಲವಾಯಿತು. ಮೂಲ ಸೀಗಡಿ, ಏಡಿಗಳ ಸಿಪ್ಪೆ. ಸಿಪ್ಪೆಯ ಸುಣ್ಣದಂಶವನ್ನು ಆಮ್ಲದಲ್ಲೂ ಪ್ರೋಟೀನನ್ನು ಕ್ಷಾರದಲ್ಲೂ ತೆಗೆದರೆ ಉಳಿಯುವುದು ಕೈಟಿನ್. ಅದನ್ನು ಗಟ್ಟಿ ಕ್ಷಾರದಲ್ಲಿ ಕಾಯಿಸಿದರೆ ಕೈಟೋಸಾನ್. ಇದರಿಂದ ಮಾಡಿದ ಹೈಡ್ರೋಜೆಲ್ ತನ್ನ ತೂಕದ ಹಲವು ಪಟ್ಟು ನೀರು ಹಿಡಿದುಕೊಂಡು ನುಂಗಿನ ತಿರುಳಿನಂತೆ ಮೆತ್ತಗಿರುತ್ತದೆ. ಗಾಯದ ಕೀವು-ನೀರು ಹೀರಿಕೊಂಡರೂ ಗಾಯವನ್ನು ಒಣಗಲು ಬಿಡುವುದಿಲ್ಲ. ಬಿಚ್ಚುವಾಗ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಸುಟ್ಟ ಗಾಯಕ್ಕೂ ತಂಪು.

ರಕ್ತ ನಿಲ್ಲಿಸಲು ಇದೇ ಕೈಟೋಸಾನಿನ ಒಣ ಸ್ಪಂಜಿನಂಥ ಪಟ್ಟಿ ಇದೆ. ಅಮೆರಿಕದ ಸೈನಿಕರು 2003ರ ಹೊತ್ತಿಗೇ ಯುದ್ಧದಲ್ಲಿ ಬಳಸಿದ್ದರು. ಕೈಟೋಸಾನಿನದು ಧನ ವಿದ್ಯುದಂಶ, ರಕ್ತಕಣಗಳದು ಋಣ. ಎರಡೂ ಅಂಟಿಕೊಂಡು ಗಾಯದ ಬಾಯಿ ಮುಚ್ಚುತ್ತವೆ. ದೇಹ ತಾನಾಗಿ ರಕ್ತ ಹೆಪ್ಪುಗಟ್ಟಿಸಲಿ ಎಂದು ಕಾಯಬೇಕಿಲ್ಲ. ಹೃದಯಕ್ಕೆಂದು ರಕ್ತ ತೆಳುವಾಗುವ ಮಾತ್ರೆ ನುಂಗುವ ಹಿರಿಯರು ಈಗ ಮನೆಗೊಬ್ಬರಿದ್ದಾರೆ, ಅಲ್ವಾ? ಅವರಿಗೆ ಉಂಬಳ ಕಚ್ಚಿದರೂ ಸಾಕು, ರಕ್ತ ಬೇಗ ನಿಲ್ಲುವುದಿಲ್ಲ. ಹಾಗಂತ ಆಳವಾದ ಗಾಯಕ್ಕೆ ಹೊಲಿಗೆ ತಪ್ಪುವುದಿಲ್ಲ. ಸೀಗಡಿ ತಿಂದರೆ ಮೈ ದದ್ದೇಳುವವರು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇವೆಲ್ಲ ವಿದೇಶದಿಂದಲೇ ಬರಬೇಕೆಂದಿಲ್ಲ. ಕೈಟೋಸಾನ್ ಪಟ್ಟಿ ನಮ್ಮ ದೇಶದಲ್ಲೇ ತಯಾರಾಗುತ್ತಿದೆ. ಸಿಪ್ಪೆಯಿಂದ ಕೈಟೋಸಾನ್ ತೆಗೆಯುವ ತಂತ್ರಜ್ಞಾನ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯಲ್ಲಿದೆ. ಹುಲಿಕಲ್ ಘಾಟಿ ಇಳಿದರೆ ಗಂಗೊಳ್ಳಿ ಬಂದರು. ಅಲ್ಲಿಂದ ಮೀನು ನಮ್ಮ ಸಂತೆಗೂ ಬರುತ್ತದೆ. ಸೀಗಡಿ ಸುಲಿದ ಸಿಪ್ಪೆ ಮಾತ್ರ ಸುಮ್ನೆ ತಿಪ್ಪೆಗೆ.

ಕಾರ್ಖಾನೆಯ ಮಾತು ದೊಡ್ಡದು, ಅದು ದೊಡ್ಡವರಿಗಿರಲಿ. ನಾನು ಕೇಳುವುದು ಇಷ್ಟೇ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಆಂಬುಲೆನ್ಸ್ ಬರುವುದೇ ಅನುಮಾನವಾದ ಊರುಗಳು ನಮ್ಮವು. ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರಗಳ ಔಷಧಿಗಳ ಪಟ್ಟಿಗೆ ಕೈಟೋಸಾನಿನ ಜೆಲ್, ಸ್ಪಂಜು ಎರಡನ್ನೂ ಸೇರಿಸಲಿ. ಗಾಜ್ ಬಟ್ಟೆಗಿಂತ ದುಬಾರಿ ನಿಜ. ಎಲ್ಲ ಗಾಯಕ್ಕೂ ಬೇಡ, ಬೇಕಾದವರಿಗೆ ಸಿಕ್ಕರಾಯಿತು. ಅಡಿಕೆ ಸೊಸೈಟಿಗಳೂ ಮನಸ್ಸು ಮಾಡಬಹುದು. ಮೈಲುತುತ್ತ, ಸುಣ್ಣ ಕೊಡುವ ಕೌಂಟರಿನಲ್ಲೇ ಸುಲಿಯುವವರ ಕೈಗೆ ಒಂದೆರಡು ಪಟ್ಟಿ ಕೊಟ್ಟರೆ ಯಾರು ಬೇಡ ಅಂತಾರೆ?

— ನಿವೃತ್ತ ನರ್ಸ್, ಹೊಸನಗರ ತಾಲ್ಲೂಕು